ಶತ್ರುವಿನ ಬಂಕಿನಲ್ಲಿ ಪೆಟ್ರೋಲ್

ದಂಡೆತ್ತಿ ಬರುವ ವಿಮಾನಕ್ಕೆ ದಾರಿಯುದ್ದಕ್ಕೂ ಶತ್ರುವೇ ಇಂಧನ ಇಟ್ಟುಕೊಂಡು ಕಾಯುತ್ತಾನೆ ಎಂದರೆ ಯಾವ ಸೇನಾಪತಿಯೂ ನಂಬಲಾರ. ‘ರಿವರ್ ರೇಡ್’ ಆಡಿದವರು ನಂಬುತ್ತಾರೆ. ನಂಬಿ, ಆ ಇಂಧನಕ್ಕೇ ಗುಂಡು ಹೊಡೆಯುತ್ತಾರೆ.

1982ರಲ್ಲಿ ಆಕ್ಟಿವಿಷನ್ ಕಂಪನಿ ಅಟಾರಿ 2600 ಎಂಬ ಆಟದ ಯಂತ್ರಕ್ಕೆಂದು ತಂದ ವಿಡಿಯೋ ಗೇಮ್ ಇದು. ಆಮೇಲೆ ಅಟಾರಿಯ ಹೋಮ್ ಕಂಪ್ಯೂಟರು, ಕಮಡೋರ್ 64, ಸ್ಪೆಕ್ಟ್ರಮ್‌ಗಳಿಗೂ ಬಂತು. ಹಸಿರು ದಡಗಳ ನಡುವೆ ನೀಲಿ ನದಿ, ಕೆಳಗೊಂದು ಪುಟ್ಟ ವಿಮಾನ. ವಿಮಾನ ಮುಂದಕ್ಕೆ ಹೋಗುವುದೇ ಇಲ್ಲ, ನದಿಯೇ ಮೇಲಿನಿಂದ ಇಳಿದು ಬರುತ್ತದೆ. ದಡಕ್ಕೆ ರೆಕ್ಕೆ ತಾಗಿದರೆ ಸತ್ತಂತೆ. ಅಷ್ಟು ದೊಡ್ಡ ಆಕಾಶ ಬಿಟ್ಟು ಈ ಮಹಾಶಯ ನದಿಯೊಳಗೇ ಯಾಕೆ ನುಸುಳಬೇಕು ಎಂದು ಕೇಳಬಾರದು. ಯಕ್ಷಗಾನದಲ್ಲಿ ರಂಗಸ್ಥಳಕ್ಕೆ ಎರಡು ಸುತ್ತು ಹಾಕಿದರೆ ಹಸ್ತಿನಾವತಿ ಬರುತ್ತದೆ. ತಕರಾರಿಲ್ಲದೆ ನೋಡುತ್ತೇವಲ್ಲ, ಹಾಗೆ.

ಆಟ ಬರೆದವರು ಕ್ಯಾರಲ್ ಶಾ ಎಂಬ ಮಹಿಳೆ. ಉಳಿದವರೆಲ್ಲ ಅಂತರಿಕ್ಷದಲ್ಲಿ ಗುಂಡು ಹಾರಿಸುತ್ತಿದ್ದ ಕಾಲದಲ್ಲಿ ಈಕೆ ಭೂಮಿಗಿಳಿದರು. ಇಳಿಯಲು ಸಿಕ್ಕ ಜಾಗ ಮಾತ್ರ ಕಾರ್ಟ್ರಿಜ್ಜಿನ 4 ಕಿಲೋಬೈಟು. ಯಂತ್ರದ ರ‍್ಯಾಮು 128 ಬೈಟು. ಈಗಿನ ಯೂನಿಕೋಡಿನಲ್ಲಿ ಬರೆದಿಟ್ಟರೆ ನೀವು ಓದುತ್ತಿರುವ ಈ ವಾಕ್ಯವೇ ಅದರಲ್ಲಿ ಹಿಡಿಸುವುದಿಲ್ಲ. ಇನ್ನು ಮುಗಿಯದ ನದಿಯೊಂದನ್ನು ಎಲ್ಲಿಡುವುದು? ಶಾ ಇಡಲೇ ಇಲ್ಲ. ಒಂದು ಸಂಖ್ಯೆ, ಅದರ ಬಿಟ್ಟುಗಳನ್ನು ಸರಿಸಿದರೆ ಮುಂದಿನ ಸಂಖ್ಯೆ, ಅದರಿಂದ ಮತ್ತೊಂದು. ಆ ಸಂಖ್ಯೆಗಳೇ ಇಲ್ಲಿ ನದಿ ಕಿರಿದಾಗಲಿ, ಅಲ್ಲಿ ನಡುಗಡ್ಡೆ ಬರಲಿ ಎಂದು ಹೇಳುತ್ತವೆ. ಹೊರಡುವ ಸಂಖ್ಯೆ ಸದಾ ಒಂದೇ ಆದ್ದರಿಂದ ನದಿಯೂ ಸದಾ ಅದೇ. ದಡ ಬಿಡಿಸಿದ್ದೂ ಒಂದೇ ಪಕ್ಕಕ್ಕೆ. ಇನ್ನೊಂದು ಪಕ್ಕ ಅದರದೇ ಕನ್ನಡಿ ಬಿಂಬ. ಇಂಥ ಜಿಪುಣತನಕ್ಕೆ ನಮಸ್ಕಾರ ಹಾಕಬೇಕು.

ಆದರೆ ನನಗೆ ಶಾ ಅವರ ನಿಜವಾದ ತುಂಟತನ ಕಾಣುವುದು ಆ ಇಂಧನದಲ್ಲಿ. ನೀರ ಮೇಲೆ ನಿಂತ ಡಬ್ಬ, ಅದರ ಮೈಮೇಲೆ ಎಫ್, ಯು, ಇ, ಎಲ್ ಎಂದು ಅಕ್ಷರಗಳು ಒಂದರ ಕೆಳಗೊಂದು. ಮೇಲೆ ಹಾರಿದರೆ ಟ್ಯಾಂಕು ತುಂಬುತ್ತದೆ. ಮೆಲ್ಲಗೆ ಹಾರಿದಷ್ಟೂ ಹೆಚ್ಚು. ಗುಂಡು ಹೊಡೆದರೆ 80 ಅಂಕ. ಹಡಗಿಗೆ 30, ಹೆಲಿಕಾಪ್ಟರಿಗೆ 60! ಏನೂ ಮಾಡದೆ ನಿಂತ, ನಮಗೆ ಉಪಕಾರ ಮಾಡಲೆಂದೇ ನಿಂತ ಡಬ್ಬಕ್ಕೆ ಹಾರುವ ಹೆಲಿಕಾಪ್ಟರಿಗಿಂತ ಹೆಚ್ಚಿನ ಬೆಲೆ. ಬಟನ್ ಮೇಲಿನ ಹೆಬ್ಬೆರಳು ಸುಮ್ಮನಿರುತ್ತದೆಯೇ? ಡಬ್ಬ ಢಮಾರ್. ಅತ್ತ ಕೆಳಗೆ ಇಂಧನದ ಮುಳ್ಳು ಸೊನ್ನೆಯತ್ತ ಸರಿದು, ಎಚ್ಚರಿಕೆಯ ಸದ್ದು ಶುರುವಾಗುತ್ತದೆ. ಆಸೆಗೆ ಇನ್ನೊಂದು ಕಾರಣವೂ ಇತ್ತು. 15,000 ಅಂಕ ದಾಟಿ ಟೀವಿ ಪರದೆಯ ಫೋಟೋ ತೆಗೆದು ಅಂಚೆಗೆ ಹಾಕಿದರೆ ಕಂಪನಿ ಅಂಗಿಗೆ ಹೊಲಿದುಕೊಳ್ಳುವ ಬಟ್ಟೆಯ ಬಿಲ್ಲೆ ಕಳಿಸುತ್ತಿತ್ತು.

ಪಶ್ಚಿಮ ಜರ್ಮನಿಯ ಸರ್ಕಾರಿ ಮಂಡಳಿಗೆ ಇದ್ಯಾವುದೂ ತಮಾಷೆಯಾಗಿ ಕಾಣಲಿಲ್ಲ. 1984ರಲ್ಲಿ ಆಟವನ್ನು ಎಳೆಯರಿಗೆ ಹಾನಿಕರವಾದವುಗಳ ಪಟ್ಟಿಗೆ ಸೇರಿಸಿತು. ಹೇಳಿದ ಕಾರಣಗಳಲ್ಲಿ ತಲೆನೋವೂ ಒಂದು. ಹೆಸರು ಪಟ್ಟಿಯಿಂದ ಹೊರಬಿದ್ದದ್ದು 2002ರಲ್ಲಿ, ಎಳೆಯರಾಗಿದ್ದವರ ತಲೆ ನರೆಯತೊಡಗಿದ ಮೇಲೆ. ತಲೆನೋವಿನ ಮಾತು ಪೂರ್ತಿ ಸುಳ್ಳೇನಲ್ಲ. ಆದರೆ ಅದು ಬರುವುದು ಯುದ್ಧದಿಂದಲ್ಲ, ಈಗಷ್ಟೇ ಉಡಾಯಿಸಿದ ಡಬ್ಬದ ನೆನಪಿನಿಂದ.

ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ ಈಗಲೂ ಆಡಬಹುದು. ಆಡುವುದಾದರೆ, ಮುಳ್ಳು ಅರ್ಧಕ್ಕಿಂತ ಕೆಳಗಿರುವಾಗ ದಯವಿಟ್ಟು ಬಂಕಿಗೆ ಗುಂಡು ಹೊಡೆಯಬೇಡಿ.