ಕತ್ತಿನೊಳಗಿನ ಹಾಜರಿ ಪುಸ್ತಕ

(ಫಿಸಿಯೋಥೆರಪಿ ಕೋಣೆ. ಮಂಚದ ಪಕ್ಕ ಅಲ್ಟ್ರಾಸೌಂಡ್ ಯಂತ್ರ. ಕತ್ತಿಗೆ ತಣ್ಣನೆ ಜೆಲ್ ಬಳಿಸಿಕೊಂಡು ಅಂಗಾತ ಮಲಗಿದವನೇ ಸಂದರ್ಶಕ.)

ನಾನು: ಬಸುರಿಯರ ಹೊಟ್ಟೆ ಬಿಟ್ಟು ನನ್ನ ಕತ್ತಿಗೇಕೆ ಬಂದಿರಿ?

ಯಂತ್ರ: ಹೊಟ್ಟೆ ನೋಡಿಯೇ ಹೆಸರು ಕೆಟ್ಟಿತು ಸ್ವಾಮಿ. 1994ರ ಕಾಯ್ದೆ ಬಂದ ಮೇಲೆ ನೋಂದಣಿಯಿಲ್ಲದೆ ಎಲ್ಲೂ ಕೂರುವಂತಿಲ್ಲ. ನೋಡುವುದು ಗಂಡಸಿನ ಕತ್ತು, ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’!

ನಾನು: ಹೋದ ವರ್ಷವೂ ನನಗೆ ಅಲ್ಟ್ರಾಸೌಂಡ್ ಕೊಟ್ಟಿದ್ದರು.

ಯಂತ್ರ: ಅದು ಕೊಟ್ಟವನು ನನ್ನ ದಾಯಾದಿ, ಚಿಕಿತ್ಸೆಯ ಯಂತ್ರ. ಅಲೆ ಒಳಗೆ ಕಳಿಸಿ ಕೈತೊಳೆದುಕೊಳ್ಳುತ್ತಾನೆ. ನಾನು ಅದರ ಮಾರ್ದನಿ ಕೇಳಿ ಚಿತ್ರ ಬರೆಯುವವನು. (ದನಿ ಯಾಕೋ ಬಿಗಿಯಾಯಿತು.)

ನಾನು: ಸರಿ, ಒಳಗೇನು ಕಾಣುತ್ತಿದೆ?

ಯಂತ್ರ: ಥೇಟ್ ಸರ್ಕಾರಿ ಕಚೇರಿ. ಮೇಲ್ಗಡೆ, ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿದ ದಪ್ಪ ಸ್ನಾಯು, ಸ್ಟರ್ನೋಕ್ಲೈಡೋಮ್ಯಾಸ್ಟಾಯ್ಡ್. ಹೆಸರಿನಷ್ಟೇ ಉದ್ದ ದರ್ಪ, ಎಲ್ಲ ಕಡತಕ್ಕೂ ತಾನೇ ಕೈ ಹಾಕುತ್ತಾನೆ. ಆಳದಲ್ಲಿ, ಕ್ಯಾರೊಟಿಡ್ ರಕ್ತನಾಳದ ಆಚೆ, ಬೆನ್ನುಮೂಳೆಗೆ ಅಂಟಿಕೊಂಡು ಲಾಂಗಸ್ ಕೋಲೈ. ಸುಮಾರು ಐದು ಕಿಲೋ ತಲೆ ಹೊತ್ತ ಕತ್ತನ್ನು ದಿನವಿಡೀ ಹದದಲ್ಲಿಡಬೇಕಾದವನು. ಹಳೆಯ ಕತ್ತುನೋವಿನವರಲ್ಲಿ ಹೆಚ್ಚಾಗಿ ಇವನೇ ಮಂಕಾಗಿರುತ್ತಾನೆ.

ನಾನು: ಎಬ್ಬಿಸುವುದು ಹೇಗೆ?

ಯಂತ್ರ: ತಲೆ ಎತ್ತದೆ, ‘ಹೂಂ’ ಅನ್ನುವಷ್ಟೇ ಗದ್ದ ಒಳಗೆ ತನ್ನಿ. ಆಸ್ಟ್ರೇಲಿಯಾದ ಗ್ವೆಂಡೊಲೆನ್ ಜಲ್ ಮತ್ತು ಸಂಗಡಿಗರು ರೂಢಿಗೆ ತಂದದ್ದು. ಕತ್ತಿನಡಿ ಗಾಳಿಚೀಲ ಇಟ್ಟು ಒತ್ತಡವನ್ನು 20ರಿಂದ ಎರಡೆರಡೇ ಮಿಲಿಮೀಟರ್ ಪಾದರಸ ಏರಿಸಿ 30ಕ್ಕೆ ಒಯ್ಯುತ್ತಾರೆ. ಆದರೆ ಒತ್ತಿದವರು ಯಾರೆಂದು ಚೀಲಕ್ಕೇನು ಗೊತ್ತು? ಕಿರಿಯವನ ಹೆಸರಲ್ಲಿ ದೊಡ್ಡವನೇ ಸಹಿ ಹಾಕಿರಬಹುದು. ನನ್ನ ಪರದೆಯಲ್ಲಿ ಯಾರು ಉಬ್ಬಿದರು, ಯಾರು ಸುಮ್ಮನಿದ್ದರು, ನೀವೇ ನೋಡಬಹುದು.

ನಾನು: ಉಬ್ಬಿದವರೆಲ್ಲ ದುಡಿದಂತೆಯೇ?

ಯಂತ್ರ: (ಸಣ್ಣ ದನಿಯಲ್ಲಿ) ಅಷ್ಟು ಖಡಾಖಂಡಿತ ಹೇಳಲಾರೆ. ಪ್ರೋಬ್ ಹಿಡಿದ ಕೈ ಕೊಂಚ ಓರೆಯಾದರೂ ಸೋಮಾರಿ ದಪ್ಪಗೆ ಕಾಣುತ್ತಾನೆ.

ನಾನು: (ಪರದೆಯತ್ತ ಹೊರಳಿ) ಎಲ್ಲಿ, ತೋರಿಸಿ?

ಯಂತ್ರ: ಅಯ್ಯೋ, ಕತ್ತು ತಿರುಗಿಸಬೇಡಿ! ದೊಡ್ಡವನು ಎದ್ದೇಬಿಟ್ಟ. ಪರದೆಯನ್ನು ಮುಖದ ನೇರಕ್ಕೆ ತನ್ನಿ ಅಂತ ಈ ಫಿಸಿಯೋಗಳಿಗೆ ಹೇಳಿ ಹೇಳಿ ಸಾಕಾಯಿತು.

ನಾನು: ದಿನಾ ಬಂದು ನಿಮ್ಮನ್ನೇ ನೋಡುತ್ತಾ ಮಾಡಿದರೆ?

ಯಂತ್ರ: ಸಾಹೇಬರಿದ್ದಾಗ ಮಾತ್ರ ದುಡಿಯುವ ಚಾಳಿ ಬೀಳುತ್ತದೆ. ನಾಲ್ಕು ಸಲ ನೋಡಿ ಮಾಡಿ, ಐದನೆಯದನ್ನು ಕಣ್ಣುಮುಚ್ಚಿ.

ಮುಚ್ಚಿದೆ. ಗದ್ದ ಒಳಗೆ ತಂದೆ. ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು.

ಯಂತ್ರ: ದೊಡ್ಡವನು ಬಂದ ಸ್ವಾಮಿ.