ಬಿಸಾಡಬೇಡಿ, ಸ್ವಲ್ಪ ಇರಿ ಅಕ್ಕಾ

ಬಿಸಾಡಬೇಡಿ ಅಕ್ಕಾ, ಸ್ವಲ್ಪ ಇರಿ. ಆ ಸ್ಟ್ರಿಪ್ಪನ್ನ ಇಲ್ಲಿ ಕಾಂಪೌಂಡ್ ಮೇಲಿಡಿ, ನೋಡೋಣ. ಮೊಮ್ಮಗ ಮೊಬೈಲಲ್ಲಿ ಓದಿ "ಅಜ್ಜಿ, ಇದು ಚಟ ಹತ್ತೋ ಮಾತ್ರೆ, ಇವತ್ತೇ ನಿಲ್ಲಿಸಿಬಿಡು" ಅಂದನಾ? ಪಾಪ, ಅಜ್ಜಿ ಮೇಲಿನ ಪ್ರೀತಿಗೆ ಹೇಳಿದಾನೆ. ಅಭ್ಯಾಸ ಆಗುತ್ತೆ ಅನ್ನೋದೂ ನಿಜವೇ. ಆದರೆ "ಇವತ್ತೇ" ಅಂದನಲ್ಲ, ಅದನ್ನ ಮಾತ್ರ ಕೇಳಬೇಡಿ.

ಇದು ಆಲ್‌ಪ್ರಜೋಲಾಮ್, ಪಾಯಿಂಟ್ ಫೈವ್. ಹಿಂದುಗಡೆ ಕೆಂಪು ಗೆರೆ ಎಳೆದ ಚೌಕ ಕಾಣುತ್ತಲ್ಲ, ಅದು ಎಚ್ 1 ಪಟ್ಟಿಯ ಔಷಧಿ ಅನ್ನೋ ಗುರುತು. 2014ರ ಮಾರ್ಚಿಂದ ಬಂದ ಕಾನೂನು. ಚೀಟಿ ಇಲ್ಲದೆ ಕೊಡೋ ಹಾಗಿಲ್ಲ. ಕೊಟ್ಟರೆ ಡಾಕ್ಟರ ಹೆಸರು, ರೋಗಿ ಹೆಸರು, ಎಷ್ಟು ಮಾತ್ರೆ ಅಂತ ಬೇರೆ ಪುಸ್ತಕದಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ನಾನು ಮೆಡಿಕಲ್ಸಲ್ಲಿ ಕೆಲಸಕ್ಕಿದ್ದಾಗ ಆ ಪುಸ್ತಕ ಹೊರಗೆ ತೆಗೆದರೆ ಸಾಕು, ಕೆಲವರು ಮುಖ ಸಿಂಡರಿಸೋರು. ಅವರ ಕೈಲಿರೋ ಚೀಟಿ ನೋಡಬೇಕಿತ್ತು ನೀವು. ಮಡಿಸಿ ಮಡಿಸಿ ನಾಲ್ಕು ತುಂಡಾಗಿ, ಹಿಂದೆ ಟೇಪ್ ಹಚ್ಚಿ, ಪ್ಲಾಸ್ಟಿಕ್ ಕವರಲ್ಲಿ ಇಟ್ಟಿರೋರು. ಡಾಕ್ಟರು ಬರೆದದ್ದು 15 ದಿನಕ್ಕೆ. ಚೀಟಿ ಮಾತ್ರ ವರ್ಷಗಟ್ಟಲೆ ಓಡಾಡ್ತಿತ್ತು. ನಿಮ್ಮದೂ ಹಂಗೇ ಆಗಿದೆ ಅಕ್ಕಾ, ಬೇಜಾರು ಮಾಡ್ಕೋಬೇಡಿ.

ಹಾಗಂತ ಅವತ್ತು ಡಾಕ್ಟರು ಕೊಟ್ಟದ್ದು ತಪ್ಪು ಅಂತ ನಾನು ಹೇಳಲ್ಲ. ಭಾವನವರು ಹೋದ ಮೇಲೆ ನಿಮ್ಮ ಎದೆ ಎಷ್ಟು ಡವಗುಟ್ತಿತ್ತು! ರಾತ್ರಿ ಎರಡು ಗಂಟೆಗೆ ಲೈಟ್ ಹಾಕ್ಕೊಂಡು ಹಜಾರದಲ್ಲಿ ಓಡಾಡ್ತಿದ್ದದ್ದು ನಮ್ಮ ಅಡುಗೆಮನೆ ಕಿಟಕಿಗೆ ಕಾಣ್ತಿತ್ತು. ಮೆದುಳಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ, ನರಗಳ ಆತುರ ತಗ್ಗಿಸೋದು ಅದರ ಕೆಲಸ. ಈ ಮಾತ್ರೆ ಅದಕ್ಕೆ ಒತ್ತಾಸೆ ಕೊಡುತ್ತೆ. ಗಂಟೆಯೊಳಗೆ ಎದೆ ಬಡಿತ ಇಳಿದು ಕಣ್ಣು ಎಳೆಯೋಕೆ ಶುರುವಾಗುತ್ತೆ. ಆತಂಕಕ್ಕೆ ಅಂತ ದಿನಾ ಕೊಡೋ ಎಸಿಟಲೋಪ್ರಾಮ್, ಸರ್ಟ್ರಲೀನ್ ಥರದ ಮಾತ್ರೆಗಳು ಮೈಗೆ ಹಿಡಿಯೋಕೆ ಕೆಲವು ವಾರ ಬೇಕು. ಅಲ್ಲಿ ತನಕ ದಾಟಿಸೋಕೆ ಇದನ್ನ ಜೊತೆಗೆ ಕೊಡ್ತಾರೆ, ಆಮೇಲೆ ತೆಗೀತಾರೆ. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ 1988ರಲ್ಲೇ ಹೇಳಿತ್ತು, ಎರಡರಿಂದ ನಾಲ್ಕು ವಾರ ಸಾಕು ಅಂತ. ನಮ್ಮಲ್ಲಿ ಶುರು ಮಾಡಿದಷ್ಟು ಸುಲಭವಾಗಿ ಯಾರೂ ತೆಗೆಯಲ್ಲ. ರೋಗಿ ತಿರುಗಿ ಹೋಗಲ್ಲ, ಹೋದರೂ ಡಾಕ್ಟರಿಗೆ ಕೂತು ಮಾತಾಡೋಷ್ಟು ಪುರುಸೊತ್ತಿರಲ್ಲ.

ಈಗ ನಿಲ್ಲಿಸೋ ವಿಷಯ. ಇಷ್ಟು ಕಾಲ ಹೊರಗಿಂದ ಒತ್ತಾಸೆ ಸಿಕ್ಕಿ ಮೆದುಳು ಅದಕ್ಕೆ ಹೊಂದಿಕೊಂಡುಬಿಟ್ಟಿರುತ್ತೆ. ದಿಢೀರಂತ ತೆಗೆದರೆ ನರಗಳನ್ನ ಹಿಡಿಯೋರೇ ಇಲ್ಲ. ಕೈ ನಡುಕ, ಬೆವರು, ಮೊದಲಿಗಿಂತ ಹೆಚ್ಚು ಗಾಬರಿ, ನಿದ್ದೆ ಪೂರ್ತಿ ಹೋಗೋದು. ಕೆಲವರಿಗೆ ಫಿಟ್ಸೇ ಬರುತ್ತೆ. ತೆಲಂಗಾಣದಲ್ಲಿ ಕಲಬೆರಕೆ ಸೇಂದಿಗೆ ಇದೇ ಆಲ್‌ಪ್ರಜೋಲಾಮ್ ಪುಡಿ ಬೆರೆಸೋದುಂಟು. 2020ರ ಲಾಕ್‌ಡೌನಲ್ಲಿ ಅಂಗಡಿ ಮುಚ್ಚಿದಾಗ ಅಲ್ಲಿನ ಬಡವರು ನಡುಗ್ತಾ, ಏನೇನೋ ಮಾತಾಡ್ತಾ ಆಸ್ಪತ್ರೆ ಸೇರಿದರು. ಎಷ್ಟೋ ಜನಕ್ಕೆ ತಾವು ಕುಡಿದದ್ದು ಈ ಮಾತ್ರೆ ಅಂತಲೇ ಗೊತ್ತಿರಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ ನನಗೆ.

ಬಿಡೋಕೆ ಆಗಲ್ಲ ಅಂತಲ್ಲ ಅಕ್ಕಾ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಹೆದರ್ ಆಶ್ಟನ್ ಅಂತ ಒಬ್ಬ ಡಾಕ್ಟರಮ್ಮ ಇದ್ದರು. 1982ರಿಂದ 1994ರ ತನಕ ಈ ಮಾತ್ರೆ ಬಿಡಿಸೋದಕ್ಕೇ ಒಂದು ಕ್ಲಿನಿಕ್ ನಡೆಸಿದರು. ಆಲ್‌ಪ್ರಜೋಲಾಮ್ ಸುಮಾರು 11 ಗಂಟೆಗೆ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತೆ, ಅದಕ್ಕೇ ಒಂದು ಹೊತ್ತು ತಪ್ಪಿದರೂ ಮೈಗೆ ಗೊತ್ತಾಗೋದು. ಡಯಜೆಪಾಮ್ ದಿನಗಟ್ಟಲೆ ಇರುತ್ತೆ. ಆಕೆ ಎಷ್ಟೋ ಜನರನ್ನ ಮೊದಲು ಡಯಜೆಪಾಮಿಗೆ ಬದಲಾಯಿಸಿ, ಆಮೇಲೆ ಚೂರು ಚೂರೇ ಕಡಿಮೆ ಮಾಡ್ತಿದ್ದರು. ತಿಂಗಳುಗಟ್ಟಲೆ ಹಿಡೀತಿತ್ತು. ಚಾರ್ಮಾಡಿ ಘಾಟಿ ಇಳಿಸೋ ಡ್ರೈವರು ಗೇರ್ ಕೆಳಗಿಟ್ಟುಕೊಂಡು ತಿರುವು ತಿರುವಿಗೂ ನಿಧಾನ ಮಾಡಲ್ಲವಾ, ಆ ಥರ. ನಿಮಗೆ ಬದಲಾಯಿಸಬೇಕೋ, ಇದನ್ನೇ ಇಳಿಸಬೇಕೋ, ಎಷ್ಟು ವಾರಕ್ಕೆ ಎಷ್ಟು ಅನ್ನೋದನ್ನ ಡಾಕ್ಟರೇ ಹೇಳಬೇಕು. ವಯಸ್ಸಾದ ಮೈಯಲ್ಲಿ ಔಷಧಿ ಬೇಗ ಕರಗಲ್ಲ, ಅದನ್ನೂ ಅವರು ಲೆಕ್ಕ ಹಾಕ್ತಾರೆ.

ಬೆಳಿಗ್ಗೆ ಎದ್ದಾಗ ತಲೆ ಭಾರ, ಕಾಲು ತೂರಾಡುತ್ತೆ ಅಂತ ಹೇಳ್ತಿದ್ದಿರಲ್ಲ? ಬಿ.ಪಿ. ಅಂದ್ಕೊಂಡಿದ್ದಿರಿ. ಇದೂ ಇರಬಹುದು. ರಾತ್ರಿ ಬಚ್ಚಲಿಗೆ ಎದ್ದು ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರ ಮನೆಯಲ್ಲಿ ಈ ಸ್ಟ್ರಿಪ್ ಎಷ್ಟೋ ಸಲ ಸಿಗುತ್ತೆ. ಹಾಸಿಗೆ ಪಕ್ಕ ಸಣ್ಣ ದೀಪ ಇರಲಿ, ಎದ್ದ ತಕ್ಷಣ ನಡೀಬೇಡಿ, ಒಂದು ನಿಮಿಷ ಮಂಚದ ಅಂಚಲ್ಲಿ ಕೂತ್ಕೊಳ್ಳಿ.

ನಿಮ್ಮ ನಾದಿನಿಗೆ ಮದುವೆ ಮನೆ ಗಾಬರಿಗೆ ಅಂತ ಒಂದು ಮುರಿದು ಕೊಟ್ಟಿರಿ ಅಲ್ಲವಾ, ಇನ್ನು ಮೇಲೆ ಕೊಡಬೇಡಿ. ನಿದ್ದೆಯಲ್ಲಿ ಉಸಿರು ಕಟ್ಟಿ ಕಟ್ಟಿ ಗೊರಕೆ ಹೊಡೆಯೋರಿಗೆ ಇದು ಉಸಿರನ್ನೇ ಇನ್ನಷ್ಟು ಮಂದ ಮಾಡುತ್ತೆ. ಮದ್ಯದ ಜೊತೆ ಸೇರಿದರಂತೂ ಪ್ರಾಣಕ್ಕೇ ಬರಬಹುದು. ಟ್ರಮಡಾಲ್ ಇರೋ ನೋವಿನ ಮಾತ್ರೆ ಜೊತೆಗೂ ಅಷ್ಟೇ. ನಿಮ್ಮ ಮಗ ಕುಡಿಯಲ್ಲ ಸರಿ, ಆದರೂ ಸ್ಟ್ರಿಪ್ಪು ದೇವರ ಮನೆ ಗೂಡಲ್ಲಿ ಬೇಡ, ಬೀರುಲಿ ಬೀಗ ಹಾಕಿಡಿ.

ಅದೇನು ಸೆರಗಲ್ಲಿ ಇನ್ನೊಂದು ಕವರ್? ಹುಳುಕಡ್ಡಿಗೆ ಚರ್ಮದ ಡಾಕ್ಟರು ಕೊಟ್ಟದ್ದಾ? ತೋರಿಸಿ. ಇಟ್ರಾಕೊನಜೋಲ್. ಅಯ್ಯೋ ಅಕ್ಕಾ, ಇವೆರಡೂ ಜೊತೆಗೆ ತಗೋಬಾರದು! ಈ ಕ್ಯಾಪ್ಸೂಲು ಆಲ್‌ಪ್ರಜೋಲಾಮ್ ಕರಗೋದನ್ನ ತಡೆಯುತ್ತೆ, ನೀವು ನುಂಗೋದು ಒಂದೇ ಮಾತ್ರೆ ಆದರೂ ರಕ್ತದಲ್ಲಿ ಅದರ ಪ್ರಮಾಣ ಏರ್ತಾ ಹೋಗುತ್ತೆ. ಆ ತೂರಾಟ ಯಾವಾಗಿಂದ ಶುರುವಾಯ್ತು, ಕ್ಯಾಪ್ಸೂಲ್ ಶುರು ಮಾಡಿದ ಮೇಲಾ? ಚರ್ಮದ ಡಾಕ್ಟರಿಗೆ ನಿದ್ದೆ ಮಾತ್ರೆ ತಗೊಳ್ಳೋದು ಹೇಳಿರಲಿಲ್ಲ ತಾನೆ? ನಾಚಿಕೆ ಪಡೋ ವಿಷಯ ಅಲ್ಲ ಅದು.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ಮನೋಚೈತನ್ಯ ಅಂತ ಕಾರ್ಯಕ್ರಮ ಅದು. ನಾನೂ ಬರ್ತೀನಿ, ಹಳೇ ಚೀಟಿ, ಎರಡೂ ಸ್ಟ್ರಿಪ್ಪು, ಬಿ.ಪಿ. ಮಾತ್ರೆ ಎಲ್ಲ ಒಂದೇ ಚೀಲಕ್ಕೆ ಹಾಕ್ಕೊಳ್ಳಿ. ಅದಕ್ಕೂ ಮುಂಚೆ ರಾತ್ರಿ ಹೊತ್ತು ಗಾಬರಿ ಹೆಚ್ಚಾದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಸರ್ಕಾರದ್ದೇ, ಕನ್ನಡದಲ್ಲೇ ಮಾತಾಡ್ತಾರೆ. ಮಂಗಳವಾರದ ತನಕ ಕಾಯೋಕಾಗದೇ ಇರೋದು ಈ ಕ್ಯಾಪ್ಸೂಲಿನ ವಿಷಯ. ಚರ್ಮದ ಡಾಕ್ಟರ ನಂಬರ್ ಚೀಟಿ ಮೇಲ್ಗಡೆನೇ ಇದೆ. ಈಗಲೇ ಹಚ್ಚಿಕೊಡಿ, ಎರಡು ಮಾತ್ರೆ ಹೆಸರೂ ನಾನೇ ಓದಿ ಹೇಳ್ತೀನಿ. ರಾತ್ರಿಗೆ ಯಾವುದನ್ನ ತಗೋಬೇಕು, ಯಾವುದನ್ನ ಬಿಡಬೇಕು ಅಂತ ಅವರ ಬಾಯಲ್ಲೇ ಕೇಳಿ ಬರಕೊಳ್ಳೋಣ.