ಹದಿಮೂರು ಕೋಣೆಯ ಹೃದಯ

ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡ ಹುಡುಗನಿಗೆ ಅಡ್ಮಿಷನ್ ರಸೀದಿಯ ಮಸಿ ಆರುವ ಮೊದಲೇ ನೆಂಟರೆಲ್ಲ ಎಂಬಿಬಿಎಸ್ ಕೊಟ್ಟುಬಿಡುತ್ತಾರೆ. ನನ್ನನ್ನೂ ‘ಏನ್ ಡಾಕ್ಟ್ರೇ’ ಎಂದೇ ಮಾತಾಡಿಸತೊಡಗಿದರು. ಆ ಕೊನೆಯ ‘ಬಿ’ಯ ಮಹಿಮೆ ಅದು. ಫಿಸಿಕ್ಸ್ ಓದುವವನ ಹತ್ತಿರ ಯಾರೂ ಕೆಟ್ಟ ಮಿಕ್ಸಿ ತರುವುದಿಲ್ಲ; ಬಯಾಲಜಿ ಓದುವವನ ಮುಂದೆ ಮಾತ್ರ ನಾಲಿಗೆ ಚಾಚಿ ನಿಲ್ಲುತ್ತಾರೆ.

ಆದರೆ ನಮ್ಮ ಲ್ಯಾಬಿನಲ್ಲಿ ನಡೆಯುತ್ತಿದ್ದದ್ದು ಜಿರಲೆಯ ಸೇವೆ. ಮನುಷ್ಯನ ಹೃದಯಕ್ಕೆ ನಾಲ್ಕೇ ಕೋಣೆ, ಒಂದು ಕ್ಲಾಸಿನಲ್ಲಿ ಮುಗಿದುಹೋಯಿತು. ಜಿರಲೆಯದಕ್ಕೆ ಹದಿಮೂರು. ಬೆನ್ನುದ್ದಕ್ಕೂ ಆಲಿಕೆಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗೆ. ಇಷ್ಟು ದೊಡ್ಡ ಹೃದಯದ ಪ್ರಾಣಿಯನ್ನು ಪೊರಕೆಯಲ್ಲಿ ಹೊಡೆಯುತ್ತೇವಲ್ಲ ಎಂದು ನನಗೆ ನಿಜವಾಗಿಯೂ ಬೇಸರವಾಗಿತ್ತು.

‘ನಾಳೆ ತಲೆಗೊಂದು ಜಿರಲೆ ತನ್ನಿ, ಮೀಸೆ ಮುರಿದಿರಬಾರದು’ ಎಂದರು ಮೇಷ್ಟ್ರು. ಅದುವರೆಗೆ ದೀಪ ಆರಿಸಿದರೆ ಮೆರವಣಿಗೆ ಹೊರಡುತ್ತಿದ್ದ ನಮ್ಮ ಬಚ್ಚಲುಮನೆ ಅಂದು ರಾತ್ರಿ ಸಂತೆ ಮುಗಿದ ಮೈದಾನವಾಯಿತು. ಕೊನೆಗೆ ಒಂದು ಹೊರಬಂದದ್ದೇ ಅಜ್ಜಿ ಪೊರಕೆ ಎತ್ತಿದಳು. ‘ಹೊಡೀಬೇಡ ಅಜ್ಜಿ, ಮೀಸೆ ಹೋಗತ್ತೆ!’ ಎಂದು ಕಿರುಚಿದೆ. ಅಜ್ಜಿ ಪೊರಕೆ ಇಳಿಸಿ ನನ್ನನ್ನೇ ಕನಿಕರದಿಂದ ನೋಡಿದಳು. ಅದನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ, ಮುಚ್ಚಳಕ್ಕೆ ತೂತು ಹೊಡೆಯುತ್ತ ಪೆರಿಪ್ಲಾನೆಟಾ ಅಮೆರಿಕಾನಾ ಎಂಬ ಅದರ ಪೂರ್ತಿ ಹೆಸರು ಹೇಳಿದೆ. ‘ಅಮೆರಿಕದ್ದಾ? ನಮ್ಮ ಹುಡುಗರೆಲ್ಲ ಅಲ್ಲಿಗೆ ಹೋಗೋಕೆ ಒದ್ದಾಡ್ತಿದಾರೆ, ಇದಕ್ಕೇನು ಬಂದಿತ್ತು ನಮ್ಮ ಬಚ್ಚಲಿಗೆ?’ ಎಂದಳು. ‘ಅಮೆರಿಕಾನಾ’ ಎಂಬುದು 1758ರಲ್ಲಿ ಲಿನೇಯಸ್ ಇಟ್ಟ ಹೆಸರು, ಇದರ ಮೂಲ ಆಫ್ರಿಕಾ, ಹಡಗು ಹತ್ತಿ ಲೋಕವೆಲ್ಲ ಸುತ್ತಿತು ಎಂದು ವಿವರಿಸುವ ಹೊತ್ತಿಗೆ ಅಜ್ಜಿ ನಿದ್ದೆಹೋಗಿದ್ದಳು.

ಲ್ಯಾಬಿನಲ್ಲಿ ಕ್ಲೋರೋಫಾರ್ಮ್ ಕೊಟ್ಟು, ಮೇಣದ ಟ್ರೇಯಲ್ಲಿ ನೀರು ಹಾಕಿ, ಗುಂಡುಸೂಜಿ ಚುಚ್ಚಿ ಮಲಗಿಸಬೇಕಿತ್ತು. ಬೆನ್ನಿನ ಚಿಪ್ಪುಗಳನ್ನು ಒಂದೊಂದಾಗಿ ಬಿಡಿಸಿದರೆ ಒಳಗೆ ಹತ್ತಿಯಂಥ ಬಿಳಿ ಕೊಬ್ಬು. ಅದನ್ನು ಸರಿಸಿದರೆ ಕರುಳು, ಕರುಳಿಗಂಟಿದ ನೂರಾರು ಹಳದಿ ಎಳೆಗಳು. ನರ ತೋರಿಸುವುದು ಎಲ್ಲಕ್ಕಿಂತ ಕಷ್ಟ. ಬಿಳಿ ಮೈಯೊಳಗೆ ಬಿಳಿ ನರ. ಅದರಡಿಗೆ ಕಪ್ಪು ಕಾಗದದ ಚೂರು ತೂರಿಸಿದರೆ ಮಾತ್ರ ಮೇಷ್ಟ್ರಿಗೆ ಕಾಣುತ್ತಿತ್ತು. ನನ್ನ ಪಕ್ಕದವನ ಕಾಗದದ ಮೇಲೆ ಬಂದದ್ದು ನರವೋ ಅವನ ಪಂಚೆಯ ನೂಲೋ ಎಂಬ ಅನುಮಾನ ನನಗೆ ಇಂದಿಗೂ ಇದೆ. ಮಾರ್ಕ್ಸೇನೋ ಪೂರ್ತಿ ಬಂತು.

ಇದರ ನಡುವೆ ಮಾವ ಬಂದರು. ಒಬ್ಬಟ್ಟಿನ ಊಟವಾದ ಮೇಲೆ ಹೊಟ್ಟೆ ಹಿಡಿದುಕೊಂಡು, ‘ಡಾಕ್ಟ್ರೇ, ಇಲ್ಲಿ ಹಿಂಡಿದ ಹಾಗಾಗ್ತಿದೆ, ಏನಿರತ್ತೆ ಇಲ್ಲಿ?’ ಎಂದರು. ಅವರ ಹೊಟ್ಟೆಯ ಸಂಗತಿ ನನಗೇನು ಗೊತ್ತು? ಜಿರಲೆಯದಾದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ಅದಕ್ಕೆ ಹೊಟ್ಟೆಯೊಳಗೇ ಆರು ಹಲ್ಲು, ತಿಂದದ್ದನ್ನು ಅಲ್ಲಿ ಮತ್ತೊಮ್ಮೆ ಅರೆಯುತ್ತದೆ ಎಂದೆ. ಮಾವನ ಮುಖ ಬಿಳಿಚಿತು. ಧೈರ್ಯ ತುಂಬೋಣವೆಂದು, ತಲೆ ಕತ್ತರಿಸಿದರೂ ಅದು ವಾರದವರೆಗೆ ಬದುಕುತ್ತದೆ, ನರಮಂಡಲದ ಬಹುಪಾಲು ತಲೆಯಲ್ಲಿಲ್ಲ, ಮೈಯಲ್ಲಿದೆ ಎಂದೂ ಸೇರಿಸಿದೆ. ಅವರು ಸಂಜೆ ಬಸ್ಸಿಗೇ ಊರಿಗೆ ಹೊರಟರು.

ಅಮ್ಮನಿಗೆ ಮೊಟ್ಟೆಯ ವಿಷಯ ಹೇಳಬಾರದಿತ್ತು. ಒಂದು ಹೆಣ್ಣು ಒಂಬತ್ತು ಹತ್ತು ಗೂಡು ಇಡುತ್ತದೆ, ಒಂದೊಂದರಲ್ಲೂ ಹದಿನಾಲ್ಕರಿಂದ ಹದಿನಾರು ಮೊಟ್ಟೆ. ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂದೆಯೇ ಗುಣಿಸಿ ನೋಡಿದಳು. ಆ ಭಾನುವಾರ ಡಬ್ಬಗಳೆಲ್ಲ ಅಂಗಳಕ್ಕೆ ಬಂದವು, ಅಟ್ಟ ಖಾಲಿಯಾಯಿತು, ಕ್ರಿಕೆಟ್ ಮ್ಯಾಚು ಬಿಟ್ಟು ಅಪ್ಪ ಏಣಿ ಹತ್ತಿದರು. ಏಣಿಯ ಮೇಲಿಂದಲೇ, ‘ಇವನನ್ನ ಕಾಮರ್ಸಿಗೆ ಹಾಕೋಣ ಅಂದಿದ್ದೆ ನಾನು’ ಎಂದರು.

ಮೂಲೆಯಲ್ಲಿ ಕಾಲುಚಾಚಿ ಕೂತಿದ್ದ ಅಜ್ಜಿ ಕೇಳಿದಳು: ‘ಅದರ ಹಲ್ಲು ಎಣಿಸಿದೀಯ, ಹೃದಯ ಎಣಿಸಿದೀಯ. ಓಡಿಸೋದು ಹೇಗೇಂತ ಹೇಳು ನೋಡೋಣ.’

ಅದು ಸಿಲಬಸ್ಸಿನಲ್ಲಿ ಇರಲಿಲ್ಲ.